ಟಾವೆಲ್ ಕೆಳಗೆ ವಜ್ರದ ಬೆಲೆ

ಕಮತಗಿ: ದನದ ಸಂತೆ ಕಂಡವರಿಗೆ ಇದು ಹೊಸದಲ್ಲ. ಎತ್ತು ಮಾರುವವ, ಕೊಳ್ಳುವವ ಎದುರುಬದುರು ನಿಂತು, ಕೈ ಮೇಲೆ ಟಾವೆಲ್ ಹಾಕಿ, ಒಳಗೊಳಗೇ ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ. ಬಾಯಿಂದ ಮಾತಿಲ್ಲ, ಪಕ್ಕದವನಿಗೆ ರೇಟು ತಿಳಿಯುವುದಿಲ್ಲ. ಒಂದು ಕಾಲಕ್ಕೆ ವಜ್ರದ ವ್ಯಾಪಾರವೂ ಹೀಗೇ ನಡೆಯುತ್ತಿತ್ತು. ಅದೂ ಈ ಸೀಮೆಯನ್ನು ಆಳಿದ ವಿಜಾಪುರದ ಆದಿಲಶಾಹಿ ರಾಜ್ಯದಲ್ಲೇ!

ಕಮತಗಿಯಲ್ಲಿ ವಜ್ರದ ಗಣಿ ಇತ್ತೆಂದು ಯಾರೂ ಗುದ್ದಲಿ ಹಿಡಿದು ಹೊಳೆದಂಡೆಗೆ ಓಡಬೇಕಾಗಿಲ್ಲ. ಇದ್ದದ್ದು ವ್ಯಾಪಾರದ ನಂಟು. ಇಲ್ಲಿಗೆ ಸಮೀಪದ ಐಹೊಳೆಯ ಹೆಸರು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘದ ಸರಕುಗಳಲ್ಲಿ ಮುತ್ತು, ಮಾಣಿಕ್ಯದ ಜೊತೆ ವಜ್ರವನ್ನೂ 1055ರ ಶಿಕಾರಿಪುರದ ಶಾಸನ ಎಣಿಸುತ್ತದೆ.

ಗಣಿಗಳು ಪೂರ್ವಕ್ಕೆ, ಕರ್ನೂಲು ಕಡೆ ಇದ್ದವು. 17ನೇ ಶತಮಾನದಲ್ಲಿ ಫ್ರಾನ್ಸಿನ ಹರಳಿನ ವ್ಯಾಪಾರಿ ಟ್ಯಾವೆರ್ನಿಯೆ ಅಲ್ಲಿಗೆ ಬಂದಿದ್ದ. ಅವನು ರಾವಲಕೊಂಡ ಎಂದು ಬರೆದ ಊರು ಕರ್ನೂಲು ಹತ್ತಿರದ ರಾಮಳ್ಳಕೋಟ ಎನ್ನುತ್ತಾರೆ ತಿಳಿದವರು. ವಿಜಾಪುರದಿಂದ ಎಂಟೊಂಬತ್ತು ದಿನದ ಹಾದಿ.

ಅವನು ಕಂಡ ಪೇಟೆ ಮಜವಾಗಿದೆ. ಊರ ಚೌಕದ ದೊಡ್ಡ ಮರದ ಕೆಳಗೆ ಹತ್ತರಿಂದ ಹದಿನಾರು ವರ್ಷದ ವರ್ತಕರ ಹುಡುಗರು ಕೂಡುತ್ತಿದ್ದರು. ಒಂದು ಬಗಲಿಗೆ ತೂಕದ ಚೀಲ, ಇನ್ನೊಂದಕ್ಕೆ ವರಹದ ಚೀಲ. ಬಂದ ಹರಳು ಕೈಯಿಂದ ಕೈಗೆ ದಾಟಿ, ಮಾತಿಲ್ಲದೆ ಹಿರಿಯ ಹುಡುಗನಿಗೇ ಮರಳುತ್ತಿತ್ತು. ಬೆಲೆ ಕಟ್ಟುವವನು ಅವನೇ. ದೊಡ್ಡವರ ವ್ಯಾಪಾರ ಬಟ್ಟೆಯ ಮರೆಯಲ್ಲಿ: ಇಡೀ ಕೈ ಹಿಡಿದರೆ ಸಾವಿರ, ಒಂದು ಬೆರಳಿಗೆ ನೂರು, ಅರ್ಧ ಬೆರಳಿಗೆ ಐವತ್ತು, ತುದಿಗಿಣ್ಣಿಗೆ ಹತ್ತು. ಕೊಂಡ ಮಾಲಿಗೆ ನೂರಕ್ಕೆ 2ರಂತೆ ಸುಂಕ.

ಇನ್ನು ಅಗೆದವರ ಲೆಕ್ಕ ನೋಡ್ರಿ. ಐವತ್ತು ಆಳು ಹಚ್ಚಿದ ವರ್ತಕ ದಿನಕ್ಕೆ 2 ವರಹ ಸರಕಾರಕ್ಕೆ ಕಟ್ಟಬೇಕಿತ್ತು. ಕಸುಬು ಬಲ್ಲ ಆಳಿಗೆ ಸಿಗುತ್ತಿದ್ದದ್ದು ವರ್ಷಕ್ಕೆ 3 ವರಹ! ಅಂದರೆ ಎರಡು ದಿನದ ಕರದಷ್ಟೂ ಅಲ್ಲ. ಹರಳು ನುಂಗಿಯಾರೆಂದು ಐವತ್ತು ಮಂದಿಗೆ 12ರಿಂದ 15 ಕಾವಲುಗಾರರು ಬೇರೆ. ದೊಡ್ಡ ಹರಳು ಒಪ್ಪಿಸಿದರೆ ಒಂದು ರುಮಾಲಿನ ಬಟ್ಟೆ, ಮೇಲಿಷ್ಟು ಚಿಲ್ಲರೆ.

1720ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಕ್ಕ ಮೇಲೆ ಈ ಪೇಟೆಯ ಕಳೆ ಇಳಿಯಿತು. ಆದರೂ ಕರ್ನೂಲು ಜಿಲ್ಲೆಯ ತುಗ್ಗಲಿ, ಜೊನ್ನಗಿರಿ ಹೊಲಗಳಲ್ಲಿ ಮುಂಗಾರು ಬಿದ್ದ ಕೂಡಲೇ ಜನ ಇಂದಿಗೂ ಬುತ್ತಿ ಕಟ್ಟಿಕೊಂಡು ಬಂದು, ತಲೆ ಬಗ್ಗಿಸಿ ಹರಳು ಹುಡುಕುತ್ತಾರೆ. ಸಿಕ್ಕರೆ ಕೊಳ್ಳಲು ವ್ಯಾಪಾರಿಗಳೂ ತಯಾರಿರುತ್ತಾರೆ. ಬೆಲೆ ಹೇಳುವವರು ಅವರೇ.