ಕಳ್ಳಿಯೋ? ಶಾಖವೋ?

ಹೊಲದ ಬದುವಿನಲ್ಲಿ ಪಾಪಾಸುಕಳ್ಳಿಯನ್ನು ನೀವು ನೋಡಿರುತ್ತೀರಿ. ಅದರ ತವರು ಅಮೆರಿಕ ಖಂಡ. (ಮುರಿದರೆ ಹಾಲು ಸುರಿಸುವ ಬೇಲಿಯ ಕಳ್ಳಿ ಬೇರೆಯೇ ಕುಟುಂಬದ್ದು. ಅದರ ಹಾಲು ಕಣ್ಣಿಗೆ ಅಪಾಯಕಾರಿ, ದೂರವಿರಿ.) ಎಲೆಯಂತೆ ಕಾಣುವ ಅದರ ದಪ್ಪ ಕಾಂಡದ ಮುಳ್ಳು ತೆಗೆದು, ಬಿಸಿ ಮಾಡಿ, ಊದಿದ ಮಂಡಿಗೆ ಕಟ್ಟುವುದು ಹಳೆಯ ಮನೆಮದ್ದು. ನೋವು ಇಳಿಯಿತು ಎಂದರೆ ನಂಬೋಣ. ಆದರೆ ಇಳಿಸಿದ್ದು ಕಳ್ಳಿಯೋ, ಶಾಖವೋ, ಕಳೆದುಹೋದ ನಾಲ್ಕು ದಿನಗಳೋ?

ಇಂಥ ಪ್ರಶ್ನೆಗೆ ಪ್ರಯೋಗಾಲಯದಲ್ಲಿ 1962ರಿಂದ ಒಂದು ವಿಧಾನ ಬಳಕೆಯಲ್ಲಿದೆ. ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಎಂಬ ಪದಾರ್ಥವನ್ನು ಇಲಿಯ ಹಿಂಗಾಲಿನ ಪಾದಕ್ಕೆ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಪಾದ ಊದುತ್ತದೆ. ಒಂದು ಗುಂಪಿಗೆ ಮೊದಲೇ ಗಿಡದ ಸಾರ, ಇನ್ನೊಂದಕ್ಕೆ ಇಂಡೊಮೆಥಾಸಿನ್‌ನಂಥ ಪರಿಚಿತ ಔಷಧಿ, ಮೂರನೆಯದಕ್ಕೆ ಔಷಧಿಯಿಲ್ಲದ ಬರೀ ದ್ರವ. ಈ ಮೂರನೆಯ ಗುಂಪೇ ಪರೀಕ್ಷೆಯ ಜೀವಾಳ. ಅದಿಲ್ಲದಿದ್ದರೆ ತಾನಾಗಿ ಇಳಿದ ಊತವನ್ನೂ ಗಿಡದ ಲೆಕ್ಕಕ್ಕೆ ಬರೆಯುತ್ತೇವೆ.

1998ರಲ್ಲಿ ಕೊರಿಯಾದ ಸಂಶೋಧಕರು ಪಾಪಾಸುಕಳ್ಳಿಯ ಒಂದು ಪ್ರಭೇದದ ಹಣ್ಣು ಮತ್ತು ಕಾಂಡದ ಆಲ್ಕೋಹಾಲ್ ಸಾರವನ್ನು ಇಲಿಗಳಿಗೆ ಕುಡಿಸಿದಾಗ ಪಾದದ ಊತ ತಗ್ಗಿತು. 2001ರಲ್ಲಿ ಬೀಟಾ-ಸಿಟೋಸ್ಟೆರಾಲ್ ಎಂಬ ಅಂಶವನ್ನು ಅದರಲ್ಲಿ ಗುರುತಿಸಿದರು. ನೋವಿನ ಪರೀಕ್ಷೆ ಇನ್ನೂ ನಾಜೂಕು. ಹೊಟ್ಟೆಗೆ ಅಸಿಟಿಕ್ ಆಮ್ಲ ಚುಚ್ಚಿ, ಪ್ರಾಣಿ ಎಷ್ಟು ಸಲ ನುಲಿಯುತ್ತದೆಂದು ಎಣಿಸುತ್ತಾರೆ. ಸಾರ ಕೊಟ್ಟಾಗ ಅದೂ ಕಡಿಮೆಯಾಯಿತು. ಆದರೆ ಮಂಪರು ತರಿಸುವ ಮದ್ದು ಕೊಟ್ಟರೂ ನುಲಿತ ಕಡಿಮೆಯೇ!

ಇನ್ನೊಂದು ಮಾತು ಗಮನಿಸಿದಿರಾ? ಪರೀಕ್ಷೆಯಾದದ್ದು ಇಲಿಗೆ ಕುಡಿಸಿದ ಸಾರ. ಅಜ್ಜಿ ಮಂಡಿಗೆ ಕಟ್ಟಿದ್ದು ಬಿಸಿ ಕಾಂಡ. ಅಜ್ಜಿಯ ಮದ್ದನ್ನೇ ಒರೆಗೆ ಹಚ್ಚಬೇಕಾದರೆ ಅದನ್ನು ಮನುಷ್ಯರ ಮಂಡಿಯ ಮೇಲೆ, ಅಷ್ಟೇ ಬಿಸಿಯ ಒದ್ದೆ ಬಟ್ಟೆಯೊಂದಿಗೆ ಹೋಲಿಸಿ ನೋಡಬೇಕು.