ಮೊಲದ ಗೂಡು ಮನೆಯ ಒಳಗೋ, ಹೊರಗೋ?



“ತಾನು ಹಿಡಿದ ಮೊಲಕ್ಕೆ ಮೂರೇ ಕಾಲು” ಎಂಬ ಗಾದೆಯನ್ನು ನಾವೆಲ್ಲರೂ ಆಡುತ್ತೇವೆ. ಮೊಲದ ಗೂಡಿನ ಮಾತು ಬಂದಾಗ ಈ ಗಾದೆ ಅಕ್ಷರಶಃ ನಿಜವಾಗುವುದನ್ನು ನಾನು ಹಳ್ಳಿ ಹಳ್ಳಿಯಲ್ಲಿ ಕಂಡಿದ್ದೇನೆ. ಸಂತೆಗೋ ಜಾತ್ರೆಗೋ ಹೋದ ಮಕ್ಕಳು ಆಸೆಪಟ್ಟು ಒಂದು ಜೊತೆ ಬಿಳಿಮೊಲ ತರುತ್ತಾರೆ. ಅಂದು ಸಂಜೆಯೇ ಮನೆಯಲ್ಲಿ ಎರಡು ಪಕ್ಷ. “ನಾಯಿ ಹಿಡಿದೀತು, ಒಳಗೇ ಇರಲಿ” ಎಂದು ಅಜ್ಜಿ. “ಉಚ್ಚೆಯ ವಾಸನೆ, ಹಿತ್ತಿಲಿನಲ್ಲಿಡಿ” ಎಂದು ಸೊಸೆ. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಆದರೆ ಮೊಲದ ಮಾತನ್ನು ಆಡುವವರು ಯಾರೂ ಇರುವುದಿಲ್ಲ. ಅದರ ಪರವಾಗಿ ನಾಲ್ಕು ಮಾತು ಹೇಳಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಚೆನ್ನಾಗಿ ನೋಡಿಕೊಂಡರೆ ಮೊಲ ಎಂಟು ಹತ್ತು ವರ್ಷ ಬಾಳುವ ಪ್ರಾಣಿ. ಇಂದು ಗೂಡಿಡುವ ಜಾಗವೇ ಅದರ ಆಯುಸ್ಸನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಸಾಕುಮೊಲ ಬೇರೆ, ಕಾಡುಮೊಲ ಬೇರೆ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. “ನಮ್ಮ ಹೊಲದಲ್ಲಿ ಮೊಲಗಳು ಬಿಸಿಲಿನಲ್ಲೇ ಇರುತ್ತವಲ್ಲ, ಇದಕ್ಕೇನು ವಿಶೇಷ?” ಎಂದು ಅನೇಕರು ಕೇಳುತ್ತಾರೆ. ಹೊಲದಲ್ಲಿ ಓಡುವುದು ಕಾಡುಮೊಲ. ಅದು ಬಿಲ ತೋಡುವುದಿಲ್ಲ. ಅದರ ಮರಿ ಕಣ್ಣು ತೆರೆದು, ಮೈತುಂಬ ಕೂದಲಿನೊಡನೆ ಹುಟ್ಟುತ್ತದೆ. ನಾವು ಸಾಕುವ ಮೊಲದ ಮೂಲ ಯುರೋಪಿನ ಸ್ಪೇನ್ ಕಡೆಯದು. ಅದು ನೆಲದೊಳಗೆ ಬಿಲ ತೋಡಿ ವಾಸಿಸುವ ಜಾತಿ. ಅದರ ಮರಿ ಕಣ್ಣು ಮುಚ್ಚಿಕೊಂಡು ಬೋಳುಮೈಯಲ್ಲಿ ಹುಟ್ಟುತ್ತದೆ. ಅಂದರೆ ಹಗಲಿನ ಉರಿಯಲ್ಲಿ ನೆಲದಡಿಯ ತಂಪಿನಲ್ಲಿ ಮಲಗಿದ್ದು, ಮುಂಜಾನೆ ಮತ್ತು ಸಂಜೆ ಮೇಯುವುದು ಅದರ ಹುಟ್ಟುಗುಣ. ಗೂಡಿನಲ್ಲಿಟ್ಟಾಗ ಬಿಲದ ಆ ತಂಪನ್ನೂ ಮರೆಯನ್ನೂ ನಾವೇ ಒದಗಿಸಿಕೊಡಬೇಕು.

ಇನ್ನೊಂದು ಮಾತು. ಕಾಡುಮೊಲವನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ರಾಗಿ ಕೊಯ್ಯುವಾಗ ಅದರ ಮರಿ ಕಂಡರೆ ತಬ್ಬಲಿಯೆಂದು ಎತ್ತಿಕೊಂಡು ಬರಬೇಡಿ. ತಾಯಿ ಕತ್ತಲಾದ ಮೇಲೆ ಬಂದು ಹಾಲೂಡಿಸಿ ಹೋಗುತ್ತದೆ.

ಬಿಸಿಲೇ ಮೊದಲ ಶತ್ರು

ನಾವು ಬೆವರುತ್ತೇವೆ, ನಾಯಿ ನಾಲಗೆ ಚಾಚಿ ತೇಗುತ್ತದೆ. ಮೊಲಕ್ಕೆ ಬೆವರುವ ಶಕ್ತಿ ಇಲ್ಲವೆಂದೇ ಹೇಳಬೇಕು. ತೇಗಿ ಮೈ ತಣಿಸಿಕೊಳ್ಳುವುದೂ ಅದಕ್ಕೆ ಅಷ್ಟಾಗಿ ಒಗ್ಗದು. ಮೈಮೇಲೆ ದಟ್ಟ ತುಪ್ಪಳ ಬೇರೆ. ಒಳಗಿನ ಕಾವು ಹೊರಹೋಗುವ ಮುಖ್ಯ ದಾರಿ ಅದರ ಕಿವಿಗಳು. ಸುತ್ತಲಿನ ಗಾಳಿಯೇ ಬಿಸಿಯಾದರೆ ಆ ದಾರಿಯೂ ಮುಚ್ಚಿದಂತೆ. ಹದಿನೈದರಿಂದ ಇಪ್ಪತ್ತು ಡಿಗ್ರಿಯ ಹವೆ ಅದಕ್ಕೆ ಹಿತ. 30 ಡಿಗ್ರಿ ದಾಟಿದರೆ ಕಷ್ಟ. 35 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ನಮ್ಮ ರಾಯಚೂರು, ಕಲಬುರಗಿ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ನಿಮಗೆ ತಿಳಿದೇ ಇದೆ. ಚಳಿಯನ್ನಾದರೋ ಮೊಲ ಚೆನ್ನಾಗಿ ತಡೆಯುತ್ತದೆ, ಮೈ ಒದ್ದೆಯಾಗದೆ ಕೊರೆಯುವ ಗಾಳಿ ಬಡಿಯದೆ ಇದ್ದರೆ ಸಾಕು. ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ದಕ್ಷಿಣದಲ್ಲಿ ಮೊಲಗಳನ್ನು ಸಾಕಿರುವುದು ಕೊಡೈಕೆನಾಲ್ ಬೆಟ್ಟದ ಮೇಲಿನ ಮನ್ನವನೂರಿನಲ್ಲಿ ಎಂಬುದನ್ನು ಗಮನಿಸಿದರೆ, ತಂಪಿನ ಬೆಲೆ ಏನೆಂಬುದು ತಿಳಿಯುತ್ತದೆ.

ಈ ಪಾಠವನ್ನು ನಾನು ಪುಸ್ತಕದಿಂದ ಓದಿದ್ದೆ, ಆದರೆ ಕಲಿತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮನೆಯವರು ಗೂಡನ್ನು ಎಲ್ಲಿಡಲಿ ಎಂದು ಕೇಳಿದರು. ಆಗ ಸಂಕ್ರಾಂತಿಯ ಹೊತ್ತು, ಬೆಳಗಿನ ಚಳಿ. ಹಿತ್ತಿಲ ಪಡುವಣ ಗೋಡೆಗೆ ಒತ್ತಿ ತಗಡಿನ ಮಾಡಿನ ಕೆಳಗೆ ಬೆಚ್ಚಗಿರಲೆಂದು ನಾನೇ ಇಡಿಸಿದೆ. ಆ ಜಾಗಕ್ಕೆ ಏಪ್ರಿಲಿನಲ್ಲಿ ಮಧ್ಯಾಹ್ನ ಪೂರ ಬಿಸಿಲು ಬೀಳುವುದನ್ನು ಯೋಚಿಸಲಿಲ್ಲ. ಯುಗಾದಿ ಕಳೆದು ಕೆಲವು ದಿನಕ್ಕೆ ಹೋದಾಗ ಎರಡರಲ್ಲಿ ಒಂದು ಮೊಲ ಸತ್ತಿತ್ತು. ಅದನ್ನು ಸಾಕಿದ್ದ ಹುಡುಗಿ ನನ್ನನ್ನು ಬಯ್ಯಲಿಲ್ಲ. “ಬೆಳಿಗ್ಗೆ ನೀರು ಇಟ್ಟೇ ಸ್ಕೂಲಿಗೆ ಹೋಗಿದ್ದೆ” ಎಂದಷ್ಟೇ ಹೇಳಿದಳು. ತಪ್ಪು ಅವಳದಲ್ಲ, ನನ್ನದು. ಉಳಿದ ಒಂದನ್ನು ಅಂದೇ ಜಗಲಿಗೆ ತಂದೆವು. ಅಂದಿನಿಂದ ನಾನು ಜಾಗ ನೋಡದೆ, ಅದೂ ನಡುಮಧ್ಯಾಹ್ನ ನೋಡದೆ, ಯಾರಿಗೂ ಸಲಹೆ ಕೊಡುವುದಿಲ್ಲ.

ಮೊಲ ಬಾಯಿ ತೆರೆದು ಏದುಸಿರು ಬಿಡುವುದು, ಕಿವಿ ಕೆಂಪಾಗಿ ಸುಡುವುದು, ಜೊಲ್ಲು ಸುರಿಸುವುದು, ಕಾಲು ಚಾಚಿ ಏಳದೆ ಬೀಳುವುದು ಇವು ಬಿಸಿಲು ಬಡಿದ ಗುರುತುಗಳು. ಕೂಡಲೇ ನೆರಳಿಗೆ ತಂದು, ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿವಿಗಳನ್ನು ಒರೆಸಿ, ಗಾಳಿ ಬೀಸಿ, ಪಶುವೈದ್ಯರಲ್ಲಿಗೆ ಕೊಂಡೊಯ್ಯಿರಿ. ಕೊಡದ ನೀರಿನಲ್ಲಿ ಮುಳುಗಿಸುವುದಾಗಲಿ, ಬಾಯಿಗೆ ನೀರು ಹೊಯ್ಯುವುದಾಗಲಿ ಕೂಡದು.

ಹೊರಗಿಟ್ಟರೆ ಕಾಡುವ ಭಯ

ಹೊರಗಿಟ್ಟ ಮೊಲಕ್ಕೆ ಬೀದಿನಾಯಿ, ಬೆಕ್ಕು, ಮುಂಗುಸಿ, ಹಾವು, ಹೆಗ್ಗಣ ಎಲ್ಲವೂ ವೈರಿಗಳೇ. ಹಾವು ಮತ್ತು ಹೆಗ್ಗಣ ಮರಿಗಳಿಗೆ ಯಮ. ಇರುವೆ ಸಹ ಬೋಳುಮೈಯ ಮರಿಗಳನ್ನು ಬಿಡುವುದಿಲ್ಲ. ನಾಯಿ ಗೂಡಿನೊಳಗೆ ನುಗ್ಗಲೇಬೇಕೆಂದಿಲ್ಲ. ರಾತ್ರಿಯೆಲ್ಲ ಗೂಡಿನ ಸುತ್ತ ಬೊಗಳಿ ಕೆರೆದರೂ ಮೊಲ ಹೆದರಿ ಗೋಡೆಗೆ ಎಗರಿ ಬೆನ್ನು ಮುರಿದುಕೊಳ್ಳಬಹುದು, ಭಯದಿಂದಲೇ ಸಾಯಲೂಬಹುದು. ಮಳೆಗಾಲದಲ್ಲಿ ಇನ್ನೊಂದು ಪೀಡೆ: ಹಿಂಭಾಗ ಕೊಳೆಯಾಗಿ ಒದ್ದೆಯಾದರೆ ನೊಣ ಅಲ್ಲಿ ಮೊಟ್ಟೆಯಿಟ್ಟು ಒಂದೆರಡು ದಿನದಲ್ಲಿ ಹುಳು ಬೀಳುತ್ತವೆ. ಆದುದರಿಂದ ದಿನಕ್ಕೊಮ್ಮೆ ಮೊಲವನ್ನು ಎತ್ತಿ ಹಿಂಭಾಗ ನೋಡುವುದು ಒಳ್ಳೆಯದು.

ಒಳಗಿಟ್ಟರೆ ಬರುವ ತೊಂದರೆ

ಒಳಗಿಟ್ಟರೆ ನಾಯಿ, ಬಿಸಿಲು, ಮಳೆಯ ಕಾಟ ತಪ್ಪುತ್ತದೆ. ಕಣ್ಣೆದುರಿಗೆ ಇರುವುದರಿಂದ ಮೊಲ ಮೇವು ಬಿಟ್ಟದ್ದು ಬೇಗ ಗೊತ್ತಾಗುತ್ತದೆ. ಇದು ದೊಡ್ಡ ಲಾಭ. ಏಕೆಂದರೆ ಅರ್ಧ ದಿನ ಮೇವು ಮುಟ್ಟದೆ ಹಿಕ್ಕೆ ಹಾಕದೆ ಕುಳಿತ ಮೊಲಕ್ಕೆ ನಾಳೆಯವರೆಗೆ ಕಾಯದೆ ಚಿಕಿತ್ಸೆ ಮಾಡಿಸಬೇಕು.

ಆದರೆ ಮೊಲದ ಮೂತ್ರದಿಂದ ಏಳುವ ಅಮೋನಿಯಾ ಗಾಳಿ ಕಿಟಕಿಯಿಲ್ಲದ ಕೋಣೆಯಲ್ಲಿ ತುಂಬಿಕೊಂಡು ಅದರ ಮೂಗು, ಕಣ್ಣು, ಶ್ವಾಸಕೋಶಗಳನ್ನು ಕೆಡಿಸುತ್ತದೆ. ಸೀನುವುದು, ಮೂಗು ಸುರಿಯುವುದು, ಮುಂಗಾಲಿನ ಕೂದಲು ಅಂಟಂಟಾಗುವುದು ಇದರ ಫಲ. ಸೌದೆ ಒಲೆಯ ಹೊಗೆಯೂ ಹಾಗೆಯೇ ಕೆಡುಕು. ಅಡುಗೆಮನೆಯಲ್ಲಿ ಮೊಲವನ್ನು ಇಡಲೇಬಾರದು. ಮೊಲದ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುವುದರಿಂದ ಅದು ಕಡಿಯದೆ ಇರಲಾರದು. ವಿದ್ಯುತ್ ತಂತಿ ಸಿಕ್ಕರೆ ಅದನ್ನೂ ಕಡಿಯುತ್ತದೆ. ಕಾಳಿನ ಮೂಟೆಗೆ ಹಾಕಿದ ಔಷಧಿ, ಗೊಬ್ಬರ, ಇಲಿಪಾಷಾಣ ಇಟ್ಟ ಕೋಣೆಯೂ ಸಲ್ಲದು. ನಾಯಿಯ ಉಣ್ಣೆಗೆ ಹಾಕುವ ಫಿಪ್ರೊನಿಲ್ ಔಷಧಿ ಮೊಲಕ್ಕೆ ವಿಷ. ಉಳಿಯಿತೆಂದು ಅದಕ್ಕೂ ಹಾಕಬೇಡಿ. ಮೊಲದ ಕಜ್ಜಿಯೂ ಹುಳುಕಡ್ಡಿಯೂ ಮನುಷ್ಯರಿಗೆ ಅಂಟಬಹುದು. ಮಕ್ಕಳು ಮೊಲದೊಡನೆ ಮಲಗದಂತೆ, ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವಂತೆ ರೂಢಿ ಮಾಡಿಸಿರಿ.

ಹಾಗಾದರೆ ತೀರ್ಮಾನವೇನು?

ಒಳಗೆ, ಹೊರಗೆ ಎಂಬ ಮಾತಿಗಿಂತ ನೆರಳು, ಗಾಳಿ, ಭದ್ರತೆ ಈ ಮೂರೂ ಒಟ್ಟಿಗೆ ಎಲ್ಲಿ ಸಿಗುತ್ತವೆ ಎಂಬುದೇ ಮುಖ್ಯ. ಇವುಗಳಲ್ಲಿ ಎರಡಿದ್ದು ಒಂದು ಇಲ್ಲದಿದ್ದರೂ ಆ ಜಾಗ ಆಗದು. ಇದನ್ನು ತಿಳಿಯಲು ಮೂರು ಪರೀಕ್ಷೆಗಳನ್ನು ಮಾಡಿ:

1. ನಡುಮಧ್ಯಾಹ್ನ ಎರಡರಿಂದ ಮೂರು ಗಂಟೆಯೊಳಗೆ ಗೂಡಿಡುವ ಜಾಗದಲ್ಲಿ ನೀವೇ ಅರ್ಧ ಗಂಟೆ ಕುಳಿತುಕೊಳ್ಳಿ. ಅಂಗಿ ಹಾಕಿಕೊಂಡ ನಿಮಗೇ ಸೆಕೆ ತಡೆಯದಾದರೆ, ತುಪ್ಪಳ ಹೊದ್ದ ಮೊಲಕ್ಕೆ ಹೇಗೆ ತಡೆದೀತು? ಇಂದಿನ ನೆರಳು ಬೇಸಿಗೆಯಲ್ಲಿಯೂ ಇರುವುದೇ ಎಂದು ಸಹ ಯೋಚಿಸಿ.

2. ಬೆಳಿಗ್ಗೆ ಎದ್ದ ಕೂಡಲೇ ಗೂಡಿನ ಮಟ್ಟಕ್ಕೆ ಬಗ್ಗಿ ಮೂಗಿನಿಂದ ಉಸಿರೆಳೆಯಿರಿ. ಮೂಗು ಚುರುಗುಟ್ಟಿದರೆ ಗಾಳಿ ಸಾಲದು.

3. ರಾತ್ರಿ ದೀಪ ಹಿಡಿದು ಗೂಡಿನ ಸಂದುಗಳನ್ನು ನೋಡಿ. ಕಿರುಬೆರಳಿಗಿಂತ ದೊಡ್ಡ ಸಂದಿಯಿದ್ದರೆ ಮರಿಹಾವಿಗೂ ಇಲಿಗೂ ದಾರಿಯಿದೆಯೆಂದು ತಿಳಿಯಿರಿ.

ಬಯಲುಸೀಮೆಯ ಹೆಂಚಿನ ಮನೆಗಳಲ್ಲಿ ಗಾಳಿಯಾಡುವ ಜಗಲಿಯ ಬಡಗಣ ಅಥವಾ ಮೂಡಣ ಭಾಗ ಈ ಮೂರಕ್ಕೂ ಒದಗುತ್ತದೆ. ಜಗಲಿ ಇಲ್ಲದವರು ಹಿತ್ತಿಲಿನ ಬೇವು, ಹೊಂಗೆ, ಮಾವಿನ ದಟ್ಟ ನೆರಳಿನಲ್ಲಿ ಹುಲ್ಲಿನ ಅಥವಾ ತೆಂಗಿನ ಗರಿಯ ಮಾಡು ಹೊದಿಸಿ ಇಟ್ಟು, ರಾತ್ರಿ ಮಾತ್ರ ಒಳಗೆ ತಂದುಕೊಳ್ಳಬಹುದು. ತಗಡಿನ ಮಾಡಿನ ಮನೆ ಬೇಸಿಗೆಯಲ್ಲಿ ಹೊರಗಿಗಿಂತಲೂ ಬಿಸಿಯಾಗುವುದರಿಂದ ಅಲ್ಲಿ ಹಗಲು ಹೊತ್ತು ಮರದಡಿಯೇ ಮೇಲು. ಮಲೆನಾಡಿನವರಿಗೆ ಬಿಸಿಲಿಗಿಂತ ಮಳೆಯ ಎರಚಲು, ತೇವವೇ ಕಷ್ಟ. ಅವರು ಸೂರಿನ ಒಳಬದಿಗೆ ಇಡತಕ್ಕದ್ದು.

ಗೂಡು ಹೇಗಿರಬೇಕು?

ಒಂದು ಜೊತೆ ಮೊಲಕ್ಕೆ ಗೂಡು ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರಕ್ಕೆ ಕಡಿಮೆಯಿರಬಾರದು. ಒಂದು ಮೂಲೆಯಲ್ಲಿ ಹಲಗೆ ಬಡಿದು ಮರೆ ಮಾಡಿದರೆ ಅದೇ ಮೊಲದ ಬಿಲ. ಗೂಡನ್ನು ನೆಲದಿಂದ ಎರಡೂವರೆ ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿ, ಇರುವೆ ಹತ್ತದಂತೆ ಕಾಲುಗಳನ್ನು ನೀರಿನ ಬಟ್ಟಲಲ್ಲಿಡಿ. ಕೋಳಿಬಲೆಯನ್ನು ನಾಯಿ ಹರಿಯುತ್ತದೆ. ಅರ್ಧ ಅಂಗುಲ ಕಣ್ಣಿನ ಬೆಸುಗೆ ಬಲೆಯೇ ಆಗಬೇಕು. ತಳಕ್ಕೆ ಬರೀ ತಂತಿಯಿದ್ದರೆ ಹಿಮ್ಮಡಿ ಹುಣ್ಣಾಗುವುದರಿಂದ ಅರ್ಧ ಭಾಗಕ್ಕೆ ಹಲಗೆ ಹಾಕಿ ಒಣಹುಲ್ಲು ಹಾಸಿರಿ. ಕೆಳಗೆ ಬೀಳುವ ಹಿಕ್ಕೆಯನ್ನು ದಿನವೂ ಬಳಿದು ತಿಪ್ಪೆಗೆ ಹಾಕಿದರೆ ಒಳ್ಳೆಯ ಗೊಬ್ಬರ.

ಬೇಸಿಗೆಯಲ್ಲಿ ಗಾಳಿ ಬರುವ ಬದಿಗೆ ಗೋಣಿತಾಟು ಇಳಿಬಿಟ್ಟು ನೀರು ಚಿಮುಕಿಸಿ. ಒಣಹವೆಯ ಊರಿಗೆ ಇದು ಉತ್ತಮ; ಕರಾವಳಿಯ ತೇವದ ಹವೆಯಲ್ಲಿ ಅಷ್ಟು ಪ್ರಯೋಜನವಿಲ್ಲ. ಹಳೆಯ ಮಣ್ಣಿನ ಮಡಕೆಯೊಂದನ್ನು ಹೊರಗಿನಿಂದ ನೆನೆಸಿ ಅಡ್ಡಲಾಗಿ ಇಟ್ಟರೆ ಮೊಲ ತಾನಾಗಿಯೇ ಅದಕ್ಕೆ ಒರಗಿ ಮಲಗುತ್ತದೆ. ಕುಡಿಯುವ ನೀರನ್ನು ಮಧ್ಯಾಹ್ನ ಇನ್ನೊಮ್ಮೆ ಬದಲಿಸಬೇಕು.

ಗಂಡು ಹೆಣ್ಣು ಒಂದೇ ಗೂಡಿನಲ್ಲಿದ್ದರೆ ಸುಮಾರು 31 ದಿನಕ್ಕೆ ಮರಿಗಳಾಗುತ್ತವೆ, ಈದ ದಿನವೇ ಮತ್ತೆ ಗಬ್ಬ ಕಟ್ಟಬಹುದು. ಎರಡು ಗಂಡುಗಳನ್ನು ಕೂಡಿಟ್ಟರೆ ಕಚ್ಚಾಡುತ್ತವೆ. ಮರಿ ಬೇಡವೆನ್ನುವವರು ಒಟ್ಟಿಗೆ ಬೆಳೆದ ಎರಡು ಹೆಣ್ಣುಗಳನ್ನು ಇಟ್ಟುಕೊಳ್ಳುವುದು ಸುಲಭ.

ಕಡೆಯದಾಗಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಈಗಾಗಲೇ ಮೊಲವಿದ್ದರೆ ಈ ಹಾಳೆಯನ್ನು ಮಡಿಸಿಡುವ ಮೊದಲು ಒಂದು ಮಧ್ಯಾಹ್ನ ಗೂಡಿನ ಬಳಿ ಕುಳಿತು ನೋಡಿ. ಜಾಗ ಬದಲಿಸಬೇಕೆನಿಸಿದರೆ ಬೇಸಿಗೆ ಬರುವವರೆಗೆ ಕಾಯಬೇಡಿ. ಗೂಡು ಎತ್ತಿಡುವುದು ಇಬ್ಬರಿಗೆ ಕಾಲು ಗಂಟೆಯ ಕೆಲಸ. ನಾನು ನಿಮ್ಮ ಊರಿಗೆ ಬಂದ ದಿನ ಕರೆದರೆ, ಇನ್ನೊಂದು ತುದಿ ಹಿಡಿಯಲು ನಾನೂ ಬರುತ್ತೇನೆ.

— ನಿಮ್ಮ ಗ್ರಾಮಸೇವಕ