ಉರೂಸಿನ ಪ್ರಯಾಣದಲ್ಲಿ ಕೊಳೆ ನೀರಿನ ಕ್ಯಾನ್

ಪ್ರತಿವರ್ಷ ಝುಲ್‌ಕಅದ ತಿಂಗಳ 15ರಿಂದ ಕಲಬುರಗಿಯಲ್ಲಿ ಹಝ್ರತ್ ಖ್ವಾಜಾ ಬಂದೇ ನವಾಝರ ಉರೂಸ್ ನಡೆಯುತ್ತದೆ. ಮಂಠಾಳ, ಬಸವಕಲ್ಯಾಣ, ಹುಮನಾಬಾದ್ ಕಡೆಯಿಂದ ಅಲ್ಲಿಗೆ ಹೋಗಿ ಎರಡು ಮೂರು ದಿನ ಬಯಲಲ್ಲೇ ತಂಗುವ ಕುಟುಂಬಗಳು ಹಾಸಿಗೆ, ಒಲೆ, ಅಕ್ಕಿ, ಪಾತ್ರೆ, ನೀರಿನ ಕ್ಯಾನ್ ಎಲ್ಲವನ್ನೂ ಟ್ರಾಲಿಗೆ ಹೇರಿಕೊಳ್ಳುತ್ತವೆ. ಇಜ್ತಿಮಾಗೆ, ದೂರದ ಮದುವೆಗೆ ಹೋಗುವಾಗಲೂ ಇದೇ ಸಿದ್ಧತೆ. ಇಲ್ಲಿ ಒಂದು ಮಾತು ಮೊದಲೇ ಹೇಳಬೇಕು: ಟ್ರಾಲಿ ಇರುವುದು ಸಾಮಾನಿಗೆ. ಅದರಲ್ಲಿ ಜನರನ್ನು ಕೂರಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಜನರು ಬಸ್ಸಿನಲ್ಲೋ ಟೆಂಪೋದಲ್ಲೋ ಹೋಗಲಿ.

ಕುಡಿಯುವ ನೀರಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಬಳಸಿದ ನೀರು ಎಲ್ಲಿಗೆ ಹೋಗಬೇಕು ಎಂದು ಯೋಚಿಸುವವರು ಕಡಿಮೆ. ರಾತ್ರಿ ಶೌಚಾಲಯದ ಮುಂದೆ ಉದ್ದನೆಯ ಸಾಲಿರುತ್ತದೆ. ವೃದ್ಧರು, ಗರ್ಭಿಣಿಯರು, ಮಕ್ಕಳು ಅಷ್ಟು ಹೊತ್ತು ಕಾಯಲಾರರು. ಪರದೆಯ ಮರೆಯಲ್ಲಿ ಒಂದು ಬಕೆಟ್ ಅಥವಾ ಮಕ್ಕಳ ಪಾಟಿ ಇಡುವುದು ಅನಿವಾರ್ಯವಾಗುತ್ತದೆ. ಅದರಲ್ಲಿರುವುದನ್ನು ಕತ್ತಲಲ್ಲಿ ರಸ್ತೆ ಬದಿಗೆ ಸುರಿದರೆ ನಮ್ಮ ಕಷ್ಟ ತೀರುತ್ತದೆ, ಇನ್ನೊಬ್ಬರ ಕಷ್ಟ ಶುರುವಾಗುತ್ತದೆ. ಜನರು ನಡೆಯುವ ದಾರಿಯಲ್ಲಿ, ವಿಶ್ರಮಿಸುವ ನೆರಳಿನಲ್ಲಿ, ನೀರಿನ ಜಾಗದಲ್ಲಿ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಕಾರಣ ಎಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಬಕೆಟ್ಟಿನಿಂದ ಸುರಿದರೂ ಫಲ ಅದೇ.

ಮೂರು ಬಗೆಯ ನೀರು

ಬಳಸಿದ ನೀರೆಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿದರೆ ಹೊರುವ ಭಾರ ಸುಮ್ಮನೆ ಹೆಚ್ಚುತ್ತದೆ. ಮೊದಲು ಬೇರ್ಪಡಿಸಿ.

ಮೊದಲನೆಯದು ವುಝೂ ಮಾಡಿದ ನೀರು. ಹನಫಿ ಕರ್ಮಶಾಸ್ತ್ರದಂತೆ ಅದನ್ನು ಮತ್ತೆ ವುಝೂಗೆ ಬಳಸುವಂತಿಲ್ಲ, ಆದರೆ ಅದು ನಜಸ್ ಅಲ್ಲ. ಅದನ್ನು ಮರದ ಬುಡಕ್ಕೆ ಹಾಕಬಹುದು. ಆರು ಮಂದಿ ದಿನಕ್ಕೆ ಐದು ಬಾರಿ ಒಂದೊಂದು ಲೀಟರಿನಲ್ಲಿ ವುಝೂ ಮಾಡಿದರೆ 30 ಲೀಟರ್ ಆಗುತ್ತದೆ. ಪ್ರವಾದಿ(ಸ)ರು ಒಂದು ಮುದ್ದ್, ಅಂದರೆ ಮುಕ್ಕಾಲು ಲೀಟರಿಗೂ ಮೀರದಷ್ಟು ನೀರಿನಲ್ಲಿ ವುಝೂ ಮಾಡುತ್ತಿದ್ದರು. ಆ ಸುನ್ನತ್ ಪಾಲಿಸಿದರೆ ತರುವ ನೀರೂ ಉಳಿಯುತ್ತದೆ, ಕೆಸರೂ ಆಗುವುದಿಲ್ಲ.

ಎರಡನೆಯದು ಪಾತ್ರೆ ತೊಳೆದ ನೀರು. ಹಳೆಯ ಬಟ್ಟೆಯಲ್ಲಿ ಸೋಸಿ, ಅನ್ನದ ಅಗುಳು, ಎಣ್ಣೆಯ ಜಿಡ್ಡು ತೆಗೆದು ಚರಂಡಿಗೆ ಹಾಕಿ. ಸೋಸಿದ ಕಸ ಕಸದ ಚೀಲಕ್ಕೆ ಹೋಗಲಿ.

ಮೂರನೆಯದು ಮಲ, ಮೂತ್ರ, ವಾಂತಿ, ಮಗುವಿನ ಬಟ್ಟೆ ತೊಳೆದ ನೀರು. ಇದು ಮಾತ್ರ ಮುಚ್ಚಳವಿರುವ ಪ್ರತ್ಯೇಕ ಕ್ಯಾನಿನಲ್ಲೇ ಇರಬೇಕು. ಹಾಲು ಕುಡಿಯುವ ಮಗುವಿನ ಮಲದಿಂದ ಏನೂ ಆಗದು ಎಂಬ ನಂಬಿಕೆ ತಪ್ಪು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಬಂದು 600ಕ್ಕೂ ಹೆಚ್ಚು ಜನ ಸತ್ತರು. ಆ ರೋಗ ಅಲ್ಲಿನ ಪಂಪಿನ ನೀರಿನಿಂದ ಹರಡಿತೆಂದು ವೈದ್ಯ ಜಾನ್ ಸ್ನೋ ತೋರಿಸಿದರು. ಭೇದಿಯಾಗಿದ್ದ ಒಂದು ಹಸುಗೂಸಿನ ಬಟ್ಟೆ ತೊಳೆದ ನೀರನ್ನು ಮನೆಯ ಗುಂಡಿಗೆ ಸುರಿದಿದ್ದರು. ಆ ಗುಂಡಿ ಪಂಪಿನ ಬಾವಿಯಿಂದ ಒಂದು ಮೀಟರಿನಷ್ಟೂ ದೂರವಿರಲಿಲ್ಲ.

ನಮ್ಮ ಭಾಗದ ಎರೆ ನೆಲಕ್ಕೂ ಈ ಪಾಠ ಸಲ್ಲುತ್ತದೆ. ಈಚಿನ ವರ್ಷಗಳಲ್ಲಿ ಉರೂಸ್ ಬರುತ್ತಿರುವುದು ಬೇಸಿಗೆಯಲ್ಲಿ. ಆಗ ಎರೆ ಭೂಮಿ ಆಳವಾಗಿ ಬಿರುಕು ಬಿಟ್ಟಿರುತ್ತದೆ. ಮೇಲೆ ಸುರಿದ ಕೊಳೆ ನೀರು ಆ ಬಿರುಕುಗಳಲ್ಲಿ ನೇರವಾಗಿ ಕೆಳಗಿಳಿಯುತ್ತದೆ.

ಒಯ್ಯುವ ಕ್ರಮ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. 200 ಲೀಟರಿನ ಡ್ರಮ್ ಅರ್ಧ ತುಂಬಿದರೂ 100 ಕಿಲೋ ಆಗುತ್ತದೆ, ತಿರುವಿನಲ್ಲಿ ಒಳಗಿನ ನೀರು ಒಂದೇ ಬದಿಗೆ ನುಗ್ಗುತ್ತದೆ. ಅದನ್ನು ಇಳಿಸಲು ನಾಲ್ಕು ಜನ ಬೇಕು, ಒಬ್ಬರ ಕೈ ಜಾರಿದರೂ ಎಲ್ಲರ ಮೈಮೇಲೆ. ದೊಡ್ಡ ಡ್ರಮ್ಮಿಗಿಂತ 20 ಲೀಟರಿನ ಎರಡು ಮೂರು ಕ್ಯಾನ್ ಮೇಲು. ಒಂದೊಂದರಲ್ಲೂ 15 ಲೀಟರಿಗಿಂತ ಹೆಚ್ಚು ತುಂಬಬೇಡಿ.

ಕುಡಿಯುವ ನೀರಿಗೆ ಒಂದು ಬಣ್ಣದ ಕ್ಯಾನ್, ಕೊಳೆ ನೀರಿಗೆ ಇನ್ನೊಂದು ಬಣ್ಣದ್ದು. ಕತ್ತಲಲ್ಲಿ ಕೈಗೆ ತಿಳಿಯುವಂತೆ ಕೊಳೆ ಕ್ಯಾನಿನ ಹಿಡಿಗೆ ದಪ್ಪ ಹಗ್ಗ ಸುತ್ತಿ. ಕೊಳೆ ಕ್ಯಾನ್ ಎಷ್ಟೇ ತೊಳೆದರೂ ಮತ್ತೆ ಕುಡಿಯುವ ನೀರಿಗೆ ಬಳಸಬಾರದು. ಕೀಟನಾಶಕದ ಖಾಲಿ ಕ್ಯಾನ್ ಯಾವ ನೀರಿಗೂ ಬೇಡ.

ಟ್ರಾಲಿಯಲ್ಲಿ ಆಹಾರ ಮತ್ತು ಕುಡಿಯುವ ನೀರು ಮುಂಭಾಗದಲ್ಲಿರಲಿ. ಕೊಳೆ ಕ್ಯಾನ್ ಅವುಗಳಿಂದ ದೂರ, ಗಾಲಿಯ ಅಚ್ಚಿನ ಹತ್ತಿರ, ಪಕ್ಕದ ತಗಡಿಗೆ ನೇರವಾಗಿ ನಿಲ್ಲಿಸಿ ಕಟ್ಟಿರಲಿ. ತೀರಾ ಹಿಂದೆ ಭಾರ ಇಟ್ಟರೆ ಎರಡು ಗಾಲಿಯ ಟ್ರಾಲಿಯ ಮೂತಿ ಮೇಲೇಳುತ್ತದೆ. ಸೋರಿದರೆ ಹಿಡಿಯಲು ಕ್ಯಾನಿನ ಕೆಳಗೆ ಪ್ಲಾಸ್ಟಿಕ್ ಟಬ್ ಇಡಿ. ಅಕ್ಕಿ ಚೀಲ, ಜಾನಮಾಝ್ ಇರುವ ಗಂಟು ಅದರ ಪಕ್ಕದಲ್ಲಿ ಇರಕೂಡದು. ಬಿಸಿಲಿಗೆ ಒಳಗೆ ಗಾಳಿ ತುಂಬಿ ಕ್ಯಾನ್ ಉಬ್ಬುತ್ತದೆ. ಮೇಲೆ ಗೋಣಿ ಹೊದಿಸಿ, ನಿಂತಾಗ ಮುಖ ಪಕ್ಕಕ್ಕೆ ತಿರುಗಿಸಿ ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ.

ಸುರಿಯುವ ಜಾಗ

ಮೂರನೆಯ ಬಗೆಯ ನೀರಿಗೆ ಸರಿಯಾದ ಜಾಗ ಶೌಚಾಲಯದ ಗುಂಡಿಯೊಂದೇ. ದಾರಿಯಲ್ಲಿ ಪೆಟ್ರೋಲ್ ಬಂಕಿನವರನ್ನೋ ಸಾರ್ವಜನಿಕ ಶೌಚಾಲಯದವರನ್ನೋ ಕೇಳಿ, ಬಾಗಿ ಮೆಲ್ಲಗೆ ಸುರಿದು, ನೀರು ಹಾಕಿ ಜಾಗ ತೊಳೆದು ಬನ್ನಿ. ಡಯಾಪರ್, ಪ್ಯಾಡ್ ಅದರಲ್ಲಿ ಹಾಕಬೇಡಿ, ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ. ಎಲ್ಲೂ ಶೌಚಾಲಯ ಸಿಗದಿದ್ದರೆ ಬಾವಿ, ಬೋರ್‌ವೆಲ್, ಹಳ್ಳದಿಂದ ಕನಿಷ್ಠ 30 ಮೀಟರ್ ದೂರದಲ್ಲಿ ಗುಂಡಿ ತೋಡಿ, ಸುರಿದು, ಮಣ್ಣು ಮುಚ್ಚಿ.

ಈ ಕೆಲಸವನ್ನು ಕಿರಿಯ ಸೊಸೆಯ ತಲೆಗೇ ಕಟ್ಟಬೇಡಿ, ಗಂಡಸರೂ ಪಾಳಿಯಂತೆ ಮಾಡಲಿ. ಯಾರೋ ಬಡವರ ಕೈಗೆ ನಾಲ್ಕು ಕಾಸು ಇಟ್ಟು ಎತ್ತಿಸುವುದಂತೂ ಸಲ್ಲದು. ಮಲವನ್ನು ಕೈಯಿಂದ ಎತ್ತಿಸುವ ಕೆಲಸಕ್ಕೆ ಜನರನ್ನು ನೇಮಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಸುರಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯಿರಿ. ಬರಿ ನೀರಿನಲ್ಲಿ ವುಝೂ ಮಾಡಿದರೆ ಸಾಬೂನಿನ ಕೆಲಸ ಆಗುವುದಿಲ್ಲ. ಬಟ್ಟೆಗೆ ಹನಿ ಸಿಡಿದಿದ್ದರೆ ನಮಾಝಿಗೆ ಮುಂಚೆ ಆ ಭಾಗ ತೊಳೆಯಿರಿ.

ಮನೆಗೆ ಬಂದ ಮೇಲೆ

ಖಾಲಿ ಕ್ಯಾನನ್ನು ಹಾಗೆಯೇ ಹಿತ್ತಿಲಲ್ಲಿ ಎಸೆಯಬೇಡಿ. ಸಾಬೂನು ನೀರು ಹಾಕಿ, ಉದ್ದ ಹಿಡಿಯ ಬ್ರಷ್‌ನಿಂದ ಒಳಗೋಡೆ ಉಜ್ಜಿ, ಆ ನೀರನ್ನೂ ಶೌಚಾಲಯಕ್ಕೇ ಸುರಿಯಿರಿ. ಪೂರ್ತಿ ತೊಳೆದಾದ ಮೇಲೆ 10 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಕಲಸಿ ಅರ್ಧ ಗಂಟೆ ಕ್ಯಾನಿನಲ್ಲಿ ಬಿಟ್ಟು ಮತ್ತೆ ತೊಳೆಯಿರಿ. ಮೂತ್ರ ಇರುವಾಗಲೇ ಬ್ಲೀಚಿಂಗ್ ಹಾಕಬೇಡಿ, ಟಾಯ್ಲೆಟ್ ಕ್ಲೀನರ್ ಜೊತೆಗೂ ಬೆರೆಸಬೇಡಿ. ಎದೆ, ಕಣ್ಣು ಉರಿಸುವ ವಿಷಗಾಳಿ ಏಳುತ್ತದೆ.

ನಂತರ ಬಿಸಿಲಿಗೆ ಬೋರಲು ಹಾಕಿ ಪೂರ್ತಿ ಒಣಗಿಸಿ, ಮುಚ್ಚಳ ಬಿಗಿದು ಅಡುಗೆಮನೆಯಿಂದ ದೂರ, ಮಳೆ ಬೀಳದ ಜಾಗದಲ್ಲಿಡಿ. ತಳದಲ್ಲಿ ಸ್ವಲ್ಪ ನೀರು ನಿಂತರೂ ಡೆಂಗಿ ಹರಡುವ ಸೊಳ್ಳೆ ಅಲ್ಲಿ ಮೊಟ್ಟೆಯಿಡುತ್ತದೆ. ಗೋಡೆಗೆ ಅಂಟಿದ ಆ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿದ್ದು, ನೀರು ಬಿದ್ದಾಗ ಒಡೆಯುತ್ತವೆ. ಅದಕ್ಕೇ ಉಜ್ಜುವುದು ಮುಖ್ಯ.

ಪ್ರಯಾಣದಿಂದ ಬಂದವರಲ್ಲಿ ಯಾರಿಗಾದರೂ ನೀರಿನಂತಹ ಭೇದಿ ಶುರುವಾದರೆ ತಕ್ಷಣ ಓಆರ್‌ಎಸ್ ಕುಡಿಸಿ ಆಸ್ಪತ್ರೆಗೆ ಕರೆದೊಯ್ಯಿರಿ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಅಂಥದ್ದನ್ನು ದಾರಿಯಲ್ಲಿ ಬಿಟ್ಟುಬರದಿರುವುದು ಅದಕ್ಕೂ ಮೊದಲಿನ ಕೆಲಸ.